ಬೇಡ, ಬಾರದು, ಆಗುದಿಲ್ಲ: ಇಂಗ್ಲಿಷಿನಲ್ಲಿ ಯಾವುದಕ್ಕೆ ಯಾವುದು?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ವಿಷಯದ್ದು. ಇಂಗ್ಲಿಷಿನ ಕಾಂಟ್, ವೋಂಟ್, ಶುಡಂಟ್, ಮಸಂಟ್, ನೀಡಂಟ್, ಅಂದ್ರೆ ನಾಟ್ ಅನ್ನುವ ಮಾತು ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು ಚಿಕ್ಕದಾಗಿ ಬಿಡ್ತದಲ್ಲಾ, ಅದು. ಎಲ್ಲ ಪತ್ರ ಹಾಕ್ಲಿಕ್ಕೆ ಜಾಗ ಇಲ್ಲ, ಒಂದೇ ತರದ್ದನ್ನೆಲ್ಲ ಒಟ್ಟು ಸೇರಿಸಿದ್ದೇನೆ. ನೀವು ಬರೆದದ್ದು ಕಾಣದಿದ್ರೆ ಬೇಜಾರು ಮಾಡ್ಬೇಡಿ, ಉತ್ತರ ಇದರೊಳಗೇ ಎಲ್ಲಿಯಾದ್ರೂ ಸಿಗ್ತದೆ.

ಪ್ರಶ್ನೆ: ಟೀಚರೇ, ಕಾಸರಗೋಡು ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಉಂಟು. ಕೆಲಸದ ಮೇಲೆ ಈ ಕಡೆ ಬಂದಿರುವ ಡೆಲ್ಲಿಯ ಒಬ್ರು ಮೇಡಂ ಬ್ಲೌಸ್ ಹೊಲಿಲಿಕ್ಕೆ ಕೊಟ್ಟಿದ್ರು. ಅಡ್ವಾನ್ಸ್ ಬೇಡ ಅಂತ ಹೇಳ್ಲಿಕ್ಕೆ ನಾನು ವಾಟ್ಸಾಪಿನಲ್ಲಿ ‘ಯು ಮಸಂಟ್ ಪೇ ಅಡ್ವಾನ್ಸ್’ ಅಂತ ಹಾಕಿದೆ. ಅವರು ಎಂತ ತಪ್ಪಾಯ್ತು, ಯಾಕೆ ಕೊಡ್ಬಾರ್ದು ಅಂತ ಕೇಳಿದ್ರು. ನಾನು ಮರ್ಯಾದೆಯಲ್ಲೇ ಹೇಳಿದ್ದಲ್ವಾ?

ಉತ್ತರ: ಮರ್ಯಾದೆಯಲ್ಲೇ ಹೇಳಿದ್ದೀರಿ, ಆದ್ರೆ ಶಬ್ದ ಬೇರೆಯದ್ದು ಹೋಯ್ತು. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ‘ಅಡ್ವಾನ್ಸ್ ಕೊಡ್ಬೇಕಂತ ಇಲ್ಲ’. ನೀವು ಬರೆದದ್ದು ‘ಅಡ್ವಾನ್ಸ್ ಕೊಡಲೇಬಾರದು’. ಮಸ್ಟ್ ಅಂದ್ರೆ ಬೇಕು, ಹಾಗಾದ್ರೆ ಮಸಂಟ್ ಅಂದ್ರೆ ಬೇಡ ಅಂತ ನಾವು ಲೆಕ್ಕ ಹಾಕ್ತೇವೆ, ಈ ಲೆಕ್ಕ ನೋಡ್ಲಿಕ್ಕೆ ಸರಿ ಕಾಣ್ತದೆ, ಆದ್ರೆ ಇಂಗ್ಲಿಷಿನಲ್ಲಿ ನಡೆಯುದಿಲ್ಲ. ಮಸ್ಟ್ ಅಂದ್ರೆ ಕಡ್ಡಾಯ. ಮಸಂಟ್ ಅಂದ್ರೆ ಮಾಡದೆ ಇರುವುದು ಕಡ್ಡಾಯ, ಅಂದ್ರೆ ನಿಷೇಧ. ಕಡ್ಡಾಯವೇ ಇಲ್ಲ, ನಿಮ್ಮಿಷ್ಟ ಅಂತ ಹೇಳ್ಲಿಕ್ಕೆ ಬೇಕಾದದ್ದು ನೀಡಂಟ್, ಅಥವಾ ಡೋಂಟ್ ಹ್ಯಾವ್ ಟು. ‘ಯು ನೀಡಂಟ್ ಪೇ ಅಡ್ವಾನ್ಸ್’ ಅಂತ ಹಾಕಿದ್ರೆ ಆ ಮೇಡಂ ಥ್ಯಾಂಕ್ಸ್ ಹೇಳ್ತಿದ್ರು.

ಇದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ನಮ್ಮ ಶಾಲೆಗೆ ಹೊರಗಿಂದ ಬಂದ ಒಬ್ರು ಟೀಚರ್ ಇದ್ರು, ಅವರಿಗೆ ಕನ್ನಡವೂ ಇಲ್ಲ ಮಲಯಾಳವೂ ಇಲ್ಲ, ನಮ್ಮ ಮಾತುಕತೆಯೆಲ್ಲ ಇಂಗ್ಲಿಷಿನಲ್ಲೇ. ಜುಲೈ ತಿಂಗಳ ಮಳೆ, ಅವರಿಗೆ ಜ್ವರ, ಸ್ಟಾಫ್ ರೂಮಿನ ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ರು. ನಾನು ಹತ್ರ ಹೋಗಿ, ನಾಳೆ ಬರುದು ಬೇಡ, ನಿಮ್ಮ ಕ್ಲಾಸು ನಾನು ನೋಡ್ತೇನೆ ಅಂತ ಹೇಳುವ ಆಸೆಯಲ್ಲಿ ‘ಯು ಮಸಂಟ್ ಕಮ್ ಟುಮಾರೋ’ ಅಂದೆ. ಅವರ ಕೈಯಲ್ಲಿದ್ದ ಚಾಯದ ಗ್ಲಾಸು ಮೇಜಿನ ಮೇಲೆ ಬಂತು. ಮತ್ತೆ ಮಾತಾಡ್ಲೇ ಇಲ್ಲ. ಅವರು ಬರುದೇ ನಮಗೆ ಇಷ್ಟ ಇಲ್ಲ ಅಂತ ಅವರಿಗೆ ಕೇಳಿಸಿತ್ತು, ಅದು ನನಗೆ ಗೊತ್ತಾಗುವಾಗ ಒಂದು ವಾರ ಕಳೆದಿತ್ತು. ಆ ಒಂದು ವಾರ ಅವರು ಬಾಡಿಗೆ ಮನೆಯಲ್ಲಿ ಒಬ್ರೇ ಎಂತ ಯೋಚಿಸಿರಬಹುದು ಅಂತ ನೆನೆದ್ರೆ ನನಗೆ ಈಗಲೂ ಸಂಕಟ ಆಗ್ತದೆ. ಹಾಗಾಗಿ ಈ ಎರಡು ಶಬ್ದದ ಬಗ್ಗೆ ನಾನು ಇಷ್ಟು ಹಠ ಹಿಡಿದು ಬರೆಯುದು.

ನಿಜಕ್ಕಾದ್ರೆ ಈ ವ್ಯತ್ಯಾಸ ನಮಗೆ ಹೊಸದಲ್ಲ. ಕನ್ನಡದಲ್ಲಿ ‘ಹೋಗ್ಬಾರ್ದು’ ಬೇರೆ, ‘ಹೋಗ್ಬೇಕಂತ ಇಲ್ಲ’ ಬೇರೆ. ಮನೆಯಲ್ಲಿ ತುಳು ಮಾತಾಡುವವರಿಗೆ ‘ಬಲ್ಲಿ’ (ಬಾರದು) ಬೇರೆ, ‘ಬೊಡ್ಚಿ’ (ಬೇಡ) ಬೇರೆ. ಹವ್ಯಕರ ಮನೆಯಲ್ಲಿ ‘ಹೋಪಲಾಗ’ ಅಂದ್ರೆ ಹೋಗಕೂಡದು, ‘ಹೋಪದು ಬೇಡ’ ಅಂದ್ರೆ ಅಗತ್ಯ ಇಲ್ಲ, ‘ಹೋಪಲೆ ಎಡಿಯ’ ಅಂದ್ರೆ ಹೋಗ್ಲಿಕ್ಕೆ ಸಾಧ್ಯ ಇಲ್ಲ, ಮೂರಕ್ಕೂ ಮೂರು ದಾರಿ. ಮಲಯಾಳದಲ್ಲಿ ‘ಪಾಡಿಲ್ಲ’ ಅಂದ್ರೆ ಬಾರದು, ‘ವೇಂಡ’ ಅಂದ್ರೆ ಬೇಡ. ‘ಪುಕವಲಿ ಪಾಡಿಲ್ಲ’ ಅಂತ ಬೋರ್ಡ್ ನೋಡಿದ ಯಾರಾದ್ರೂ ಓ ಬೀಡಿ ಸೇದ್ಬೇಕಂತ ಕಡ್ಡಾಯ ಇಲ್ಲ ಅಂತ ಅರ್ಥ ಮಾಡ್ತಾರಾ? ನಾಲ್ಕು ಭಾಷೆಯ ನಡುವೆ ಬೆಳೆದವರು ನಾವು, ನಾಲ್ಕರಲ್ಲೂ ಈ ಎರಡು ಗೂಡು ಬೇರೆ ಬೇರೆಯೇ ಉಂಟು, ಇಂಗ್ಲಿಷಿಗೆ ಹೋಗುವಾಗ ಮಾತ್ರ ಎರಡನ್ನೂ ಒಂದೇ ಗೂಡಿಗೆ ತುರುಕ್ತೇವೆ. ಯಾಕಂದ್ರೆ ‘ಬೇಡ’ ಅನ್ನುವ ನಮ್ಮ ಶಬ್ದ ಎರಡೂ ಕೆಲಸ ಮಾಡ್ತದೆ. ‘ಬೆಂಕಿ ಹತ್ರ ಹೋಗ್ಬೇಡ’ ಅನ್ನುವ ಬೇಡ ನಿಷೇಧ, ‘ಸಕ್ಕರೆ ಬೇಡ, ಸಾಕು’ ಅನ್ನುವ ಬೇಡ ಅಗತ್ಯ ಇಲ್ಲದ್ದು. ಹಾಗಾಗಿ ಇಂಗ್ಲಿಷ್ ಬರೆಯುವ ಮೊದಲು ‘ಬೇಡ’ದ ಜಾಗದಲ್ಲಿ ‘ಬಾರದು’ ಹಾಕಿ ನೋಡಿ. ಅರ್ಥ ನಿಂತ್ರೆ ಮಸಂಟ್. ಅರ್ಥ ಕೆಟ್ರೆ ನೀಡಂಟ್. ನಿಮ್ಮ ಮೆಸೇಜನ್ನೇ ತೆಗೊಳ್ಳಿ, ‘ಅಡ್ವಾನ್ಸ್ ಕೊಡಬಾರದು’ ಅಂತ ನೀವು ಹೇಳ್ತಿದ್ರಾ? ಇಲ್ಲ. ಮುಗೀತು.

ಇನ್ನೊಂದು ಸಣ್ಣ ವಿಷಯ. ನೀಡಂಟ್ ಆದ್ಮೇಲೆ ‘ಟು’ ಬರುದಿಲ್ಲ. ‘ಯು ನೀಡಂಟ್ ಕಮ್’ ಸರಿ, ‘ಯು ನೀಡಂಟ್ ಟು ಕಮ್’ ತಪ್ಪು. ‘ಟು’ ಬೇಕಾದ್ರೆ ‘ಯು ಡೋಂಟ್ ನೀಡ್ ಟು ಕಮ್’. ನೀಡಂಟ್ ಹೆಚ್ಚಾಗಿ ಬ್ರಿಟಿಷರ ಬಳಕೆ, ಅಮೆರಿಕದವರು ಡೋಂಟ್ ಹ್ಯಾವ್ ಟು ಅಥವಾ ಡೋಂಟ್ ನೀಡ್ ಟು ಅಂತಲೇ ಹೇಳುದು ಜಾಸ್ತಿ. ವಾಟ್ಸಾಪಿಗೆ ಯಾವುದಾದ್ರೂ ಆಗ್ತದೆ.

ಪ್ರಶ್ನೆ: ಅಪಾಸ್ಟ್ರಫಿ ಎಲ್ಲಿ ಹಾಕುದು ಅಂತ ನನಗೆ ಯಾವಾಗಲೂ ಗೊಂದಲ. ಮತ್ತೆ ವಿಲ್ ನಾಟ್ ಅಂದ್ರೆ ವಿಲ್ಲಂಟ್ ಆಗ್ಬೇಕಿತ್ತಲ್ವಾ, ವೋಂಟ್ ಯಾಕೆ? ಮಗಳು ಕೇಳಿದ್ಲು, ನನ್ನತ್ರ ಉತ್ತರ ಇರ್ಲಿಲ್ಲ. (ಉಪ್ಪಳದ ಓದುಗರು)

ಉತ್ತರ: ಮಗಳು ಒಳ್ಳೆ ಪ್ರಶ್ನೆ ಕೇಳಿದ್ದಾಳೆ. ಮೊದಲು ಅಪಾಸ್ಟ್ರಫಿ, ಅಂದ್ರೆ ಅಕ್ಷರದ ತಲೆ ಹತ್ರ ಹಾಕುವ ಅಲ್ಪವಿರಾಮದಂಥ ಚಿಕ್ಕ ಗುರುತು. ನಾಟ್ ಅನ್ನುವ ಶಬ್ದದಲ್ಲಿ ಎನ್, ಓ, ಟಿ ಅಂತ ಮೂರು ಅಕ್ಷರ. ನಡುವಿನ ಓ ಬಿದ್ದುಹೋಯ್ತು. ಬಿದ್ದ ಜಾಗಕ್ಕೆ ಗುರುತು ಅಪಾಸ್ಟ್ರಫಿ. ಹಾಗಾಗಿ ಅದರ ಜಾಗ ಯಾವಾಗಲೂ ಎನ್ ಮತ್ತು ಟಿ ನಡುವೆ. ನಮ್ಮ ಮಕ್ಕಳು ಶುಡಂಟ್ ಬರೆಯುವಾಗ ಡಿ ಆದ ಕೂಡ್ಲೇ ಅಪಾಸ್ಟ್ರಫಿ ಹಾಕಿ ಮತ್ತೆ ಎನ್, ಟಿ ಒಟ್ಟಿಗೆ ಬರೀತಾರೆ, ಎರಡು ಶಬ್ದ ಸೇರಿದ ಜಾಗದಲ್ಲಿ ಹೊಲಿಗೆ ಹಾಕಿದ ಹಾಗೆ. ಅದು ಹೊಲಿಗೆ ಅಲ್ಲ, ಹಲ್ಲು ಬಿದ್ದ ಜಾಗ ಅಂತ ಹೇಳಿ ಕೊಡಿ, ಮತ್ತೆ ಮರೆಯುದಿಲ್ಲ.

ಇನ್ನು ವೋಂಟ್. ಹಿಂದಿನ ಕಾಲದ ಇಂಗ್ಲಿಷಿನಲ್ಲಿ ವಿಲ್ ಅನ್ನುವುದಕ್ಕೆ ವೊಲ್ ಅಂತ ಇನ್ನೊಂದು ರೂಪವೂ ಇತ್ತು. ವಿಲ್ ಉಳಿಯಿತು, ವೊಲ್ ಸತ್ತುಹೋಯ್ತು, ಆದ್ರೆ ವೊಲ್ ನಾಟ್ ಸೇರಿ ಆದ ವೋಂಟ್ ಮಾತ್ರ ಬದುಕಿ ಉಳಿಯಿತು. ನಮ್ಮಲ್ಲಿಯೂ ಹಾಗೇ ಅಲ್ವಾ, ಹಳೆಗನ್ನಡದಲ್ಲಿ ಇಲ್ಲ ಅನ್ನುವ ಅರ್ಥ ಕ್ರಿಯಾಪದದ ಹೊಟ್ಟೆಯೊಳಗೇ ಇರ್ತಿತ್ತು, ಮಾಡೆನು ಅಂದ್ರೆ ಮಾಡುವುದಿಲ್ಲ, ಅರಿಯೆನು ಅಂದ್ರೆ ಗೊತ್ತಿಲ್ಲ. ಆ ಪದ್ಧತಿ ದಿನದ ಮಾತಿನಿಂದ ಹೋಯ್ತು, ಆದ್ರೆ ಒಲ್ಲೆ, ಕೂಡದು, ಬಾರದು ಅಂತ ಕೆಲವು ತುಂಡು ಇನ್ನೂ ನಮ್ಮ ಬಾಯಲ್ಲಿ ಉಂಟು. ಮಗಳಿಗೆ ಇದನ್ನೂ ಹೇಳಿ, ಎರಡು ಭಾಷೆಯ ಚರಿತ್ರೆ ಒಟ್ಟಿಗೆ ಆಯ್ತು.

ಶ್ಯಾಲ್ ನಾಟ್ ಸೇರಿ ಶಾಂಟ್ ಆಗುವಾಗ ಎರಡು ಎಲ್ಲು, ಒಂದು ಓ ಬಿದ್ದಿವೆ, ಹಾಗಾಗಿ ಹಿಂದೆ ಅದಕ್ಕೆ ಎರಡು ಅಪಾಸ್ಟ್ರಫಿ ಹಾಕ್ತಿದ್ರು. ಆಲಿಸ್ ಕಥೆ ಬರೆದ 19ನೇ ಶತಮಾನದ ಲೂಯಿಸ್ ಕ್ಯಾರಲ್ ಅಂತೂ ಕಾಂಟ್, ವೋಂಟ್ ಎಲ್ಲದಕ್ಕೂ ಎರಡೆರಡು ಹಾಕುವುದೇ ಸರಿ ಅಂತ ವಾದ ಮಾಡಿದವರು. ಅದಕ್ಕೆ ಪೂರ್ತಿ ಉಲ್ಟಾ ನಾಟಕಕಾರ ಬರ್ನಾರ್ಡ್ ಶಾ, ಅವರು ಇಂಥ ಶಬ್ದಗಳಿಗೆ ಅಪಾಸ್ಟ್ರಫಿಯೇ ಬೇಡ ಅಂತ ಬಿಟ್ಟೇ ಬರೆದ್ರು. ಇನ್ನೂ ಹಿಂದೆ, 1710ರಲ್ಲಿ, ಗಲಿವರನ ಕಥೆಯ ಲೇಖಕ ಜೊನಾಥನ್ ಸ್ವಿಫ್ಟ್ ಹೀಗೆ ಶಬ್ದ ಕತ್ತರಿಸುವುದೇ ಭಾಷೆಗೆ ಕೇಡು ಅಂತ ಪತ್ರಿಕೆಯಲ್ಲಿ ಬರೆದಿದ್ರು. ಅವರೆಲ್ಲ ಜಗಳ ಮಾಡಿ ಆಯ್ತು, ಈಗ ಪರೀಕ್ಷೆಯಲ್ಲಿ ನಡೆಯುದು ಒಂದೇ ಅಪಾಸ್ಟ್ರಫಿ, ಎನ್ ಮತ್ತು ಟಿ ನಡುವೆ. ಅದನ್ನು ಬಿಡ್ಲಿಕ್ಕೂ ಆಗುದಿಲ್ಲ, ಯಾಕಂದ್ರೆ ಅಪಾಸ್ಟ್ರಫಿ ಇಲ್ಲದ ವೋಂಟ್ ಅಂತ ಬೇರೆಯೇ ಶಬ್ದ ಉಂಟು, ರೂಢಿ ಅಂತ ಅರ್ಥ. ಅಪಾಸ್ಟ್ರಫಿ ಇಲ್ಲದ ಕಾಂಟ್‌ನ ಸ್ಪೆಲ್ಲಿಂಗಿಗೆ ಬೂಟಾಟಿಕೆಯ ಮಾತು ಅಂತ ಅರ್ಥ. ಸರಿಯಾದ ಶಬ್ದವೇ ಆದ ಕಾರಣ ಕಂಪ್ಯೂಟರು ಅದರ ಅಡಿಗೆ ಕೆಂಪು ಗೆರೆ ಹಾಕದೆಯೂ ಇರಬಹುದು. ನಿಮ್ಮ ಕಣ್ಣೇ ನೋಡ್ಬೇಕು.

ವೋಂಟ್ ಬಗ್ಗೆ ಇನ್ನೊಂದು ಮಾತು ಸೇರಿಸ್ತೇನೆ. ಅದು ಬರೀ ಭವಿಷ್ಯ ಅಲ್ಲ, ಹಠವೂ ಹೌದು. ಮಳೆಗೆ ನೆನೆದ ಸ್ಕೂಟರಿನ ಕಿಕ್ಕರ್ ಹತ್ತು ಸಲ ಮೆಟ್ಟಿ ‘ಸ್ಟಾರ್ಟೇ ಆಗುದಿಲ್ಲ ಮಾರಾಯ’ ಅಂತ ಹೇಳ್ತೇವಲ್ಲಾ, ಅಲ್ಲಿ ನಾಳೆಯ ಮಾತಿಲ್ಲ, ಈಗಿನದ್ದೇ, ಆದ್ರೂ ಇಂಗ್ಲಿಷಿನಲ್ಲಿ ‘ಇಟ್ ವೋಂಟ್ ಸ್ಟಾರ್ಟ್’. ನಿನ್ನೆಯ ಕಥೆಯಾದ್ರೆ ‘ಇಟ್ ವುಡಂಟ್ ಸ್ಟಾರ್ಟ್’.

ಪ್ರಶ್ನೆ: ‘ಐ ಕಾಂಟ್ ಏಬಲ್ ಟು ಕಮ್’ ಸರಿಯಾ?

ಉತ್ತರ: ತಪ್ಪು. ಕಾಂಟ್ ಒಳಗೇ ಏಬಲ್ ಉಂಟು. ‘ಐ ಕಾಂಟ್ ಕಮ್’ ಅಥವಾ ‘ಐ ಆಮ್ ನಾಟ್ ಏಬಲ್ ಟು ಕಮ್’, ಎರಡರಲ್ಲಿ ಒಂದು. ‘ಡಿಡಂಟ್ ಕುಡ್’ ಅಂತ ಬರೆದವರಿಗೂ ಇದೇ ಉತ್ತರ, ಕುಡಂಟ್ ಒಂದೇ ಸಾಕು.

ಪ್ರಶ್ನೆ: ನಾನು ನರ್ಸ್. ವಿದೇಶಕ್ಕೆ ಹೋಗುವ ಪರೀಕ್ಷೆಗೆ ಓದ್ತಾ ಇದ್ದೇನೆ. ಲಿಸನಿಂಗಿನಲ್ಲಿ ಅಮೆರಿಕದವರು ಕ್ಯಾನ್ ಹೇಳಿದ್ದಾ ಕಾಂಟ್ ಹೇಳಿದ್ದಾ ಅಂತಲೇ ಗೊತ್ತಾಗುದಿಲ್ಲ ಟೀಚರ್. ಪೂರ್ತಿ ಉಲ್ಟಾ ಅರ್ಥ ಅಲ್ವಾ? (ಮುಳ್ಳೇರಿಯ)

ಉತ್ತರ: ಟಿ ಕೇಳ್ಲಿಕ್ಕೆ ಹೋಗ್ಬೇಡ ತಂಗಿ, ಅಲ್ಲೇ ಎಲ್ಲರೂ ಸೋಲುದು. ಅವರು ಆ ಟಿಯನ್ನು ಬಾಯಲ್ಲೇ ನುಂಗ್ತಾರೆ. ಸ್ವರ ಕೇಳು. ‘ಐ ಕ್ಯಾನ್ ಗೋ’ ಅಂತ ಸಾದಾ ಹೇಳುವಾಗ ಕ್ಯಾನ್ ಮೇಲೆ ಒತ್ತೇ ಇರುದಿಲ್ಲ, ‘ಐ ಕ್‌ನ್ ಗೋ’ ಅಂತ ಹಾರಿಹೋಗ್ತದೆ, ಒತ್ತು ಗೋ ಮೇಲೆ ಬೀಳ್ತದೆ. ಕಾಂಟ್ ಬಂದಾಗ ‘ಕ್ಯಾಂ’ ಅನ್ನುವ ಸ್ವರ ಪೂರ್ತಿಯಾಗಿ, ಗಟ್ಟಿಯಾಗಿ ಕೇಳ್ತದೆ. ಒತ್ತಿ ಹೇಳಿದ್ರೆ ಹೆಚ್ಚಾಗಿ ಇಲ್ಲ ಅಂತ ಅರ್ಥ, ಹಾರಿಸಿ ಹೇಳಿದ್ರೆ ಹೌದು ಅಂತ. ಬ್ರಿಟನ್ನಿನವರದ್ದು ಸುಲಭ, ಅಲ್ಲಿ ಹೆಚ್ಚಿನವರು ‘ಕಾಂಟ್’ ಅಂತ ದೀರ್ಘ ಎಳೀತಾರೆ. ಮಸಂಟ್‌ನಲ್ಲಿಯೂ ಹಾಗೇ, ಬರೆಯುವಾಗ ಎರಡು ಟಿ ಇದ್ರೂ ನಡುವಿನ ಟಿ ಬಾಯಿಗೆ ಬರುದಿಲ್ಲ, ಹಾಗಾಗಿಯೇ ನಾನು ಇಲ್ಲಿ ಮಸ್ಟಂಟ್ ಅಂತ ಬರೀದೆ ಮಸಂಟ್ ಅಂತ ಬರೀತಾ ಇರುದು.

ನೀನು ಮಾತಾಡುವಾಗ ಮಾತ್ರ, ಮುಖ್ಯವಾಗಿ ರೋಗಿಯ ಮದ್ದಿನ ವಿಷಯದಲ್ಲಿ, ಕಾಂಟ್ ಬಿಟ್ಟು ‘ಕ್ಯಾನಾಟ್’ ಅಂತ ಪೂರ್ತಿ ಹೇಳು. ‘ಶಿ ಕ್ಯಾನಾಟ್ ಟೇಕ್ ಪೆನ್ಸಿಲಿನ್’ ಅಂತ ಹೇಳಿದ್ರೆ ಕೇಳುವವರು ಯಾವ ದೇಶದವರಾದ್ರೂ ತಪ್ಪಿ ಹೋಗ್ಲಿಕ್ಕಿಲ್ಲ. ಕ್ಯಾನಾಟ್ ಬರೆಯುವಾಗ ಒಂದೇ ಶಬ್ದವಾಗಿ ಬರಿ, ನಡುವೆ ಜಾಗ ಬಿಡುದು ಬೇಡ. ನಿನಗೆ ಒಳ್ಳೆದಾಗ್ಲಿ, ರಿಸಲ್ಟ್ ಬಂದಾಗ ಬರಿ.

ಪ್ರಶ್ನೆ: ‘ಅವ ಮನೆಯಲ್ಲಿ ಇರ್ಲಿಕ್ಕಿಲ್ಲ’ ಅಂತ ನಾವು ಹೇಳ್ತೇವೆ. ಇದಕ್ಕೆ ಇಂಗ್ಲಿಷಿನಲ್ಲಿ ‘ಹಿ ಮಸಂಟ್ ಬಿ ಅಟ್ ಹೋಮ್’ ಆಗ್ತದಾ? (ಪೆರ್ಲ)

ಉತ್ತರ: ಆಗುದಿಲ್ಲ. ಮಸಂಟ್ ಹಾಕಿದ್ರೆ ಅವ ಮನೆಯಲ್ಲಿ ಇರಬಾರದು, ಓಡಿಸಿ, ಅಂತ ಕೇಳ್ತದೆ. ಊಹೆಯ ಮಾತಿಗೆ ಬೇರೆ ಶಬ್ದ. ಅಂಗಳದಲ್ಲಿ ಬೈಕ್ ಇಲ್ಲ, ಬಾಗಿಲಿಗೆ ಬೀಗ, ಇರುವ ಚಾನ್ಸೇ ಇಲ್ಲ ಅಂತಾದ್ರೆ ‘ಹಿ ಕಾಂಟ್ ಬಿ ಅಟ್ ಹೋಮ್’. ಇದ್ರೂ ಇರಬಹುದು, ಇಲ್ಲದೆಯೂ ಇರಬಹುದು ಅಂತಾದ್ರೆ ‘ಹಿ ಮೈಟ್ ನಾಟ್ ಬಿ’. ಇದನ್ನು ಮೈಟಂಟ್ ಅಂತ ಒಟ್ಟು ಮಾಡ್ಲಿಕ್ಕೆ ಆಗ್ತದೆ, ಆದ್ರೆ ಬಳಕೆ ಕಡಿಮೆ. ಮೇ ನಾಟ್ ಸೇರಿಸಿ ಮೇಯಂಟ್ ಅಂತ ಹೇಳುವವರು ಈಗ ಹೆಚ್ಚುಕಡಿಮೆ ಯಾರೂ ಇಲ್ಲ, ಬಿಟ್ಟುಬಿಡಿ.

ನಿಮ್ಮ ಪ್ರಶ್ನೆಯಲ್ಲಿರುವ ‘ಲಿಕ್ಕಿಲ್ಲ’ ನನಗೆ ತುಂಬ ಇಷ್ಟದ್ದು, ನಮ್ಮ ಕಡೆಯ ಕನ್ನಡದಲ್ಲಿ ಇದೊಂದೇ ಶಬ್ದ ಮೂರು ಕೆಲಸ ಮಾಡ್ತದೆ. ‘ಅವ ಹೋಗ್ಲಿಕ್ಕಿಲ್ಲ’ ಅಂದ್ರೆ ಬಹುಶಃ ಹೋಗುವುದಿಲ್ಲ, ಅದು ಊಹೆ. ‘ಅವನಿಗೆ ಹೋಗ್ಲಿಕ್ಕಿಲ್ಲ’ ಅಂದ್ರೆ ಹೋಗುವ ಅಗತ್ಯ ಇಲ್ಲ. ಬರೀ ಒಂದು ‘ನಿಗೆ’ ಸೇರಿದ್ದಕ್ಕೆ ಮೈಟ್ ನಾಟ್ ಹೋಗಿ ನೀಡಂಟ್ ಬಂತು ನೋಡಿ. ‘ಹಿರಿಯರ ಎದುರು ಹಾಗೆಲ್ಲ ಹೇಳ್ಲಿಕ್ಕಿಲ್ಲ’ ಅಂತ ಅಜ್ಜಿ ಗದರಿಸುದು ಮಸಂಟ್. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳ್ಬೇಕಾಗ್ತದೆ, ನಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ಗೊತ್ತು. ಈ ಮೂರನ್ನು ಬೋರ್ಡಿನ ಮೇಲೆ ಬರೆದು ಪಕ್ಕದಲ್ಲಿ ಇಂಗ್ಲಿಷ್ ಬರೆದ್ರೆ ಐದನೇ ಕ್ಲಾಸಿನ ಮಕ್ಕಳೂ ಹತ್ತು ನಿಮಿಷದಲ್ಲಿ ಕಲೀತಾರೆ, ನಾನು ಕಲಿಸಿದ್ದೇನೆ. ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಕಷ್ಟ ಅಂತ ಹೇಳುವವರು ಒಮ್ಮೆ ಬಂದು ಆ ಮಕ್ಕಳ ಮುಖ ನೋಡ್ಬೇಕು.

ಪ್ರಶ್ನೆ: ನೀಡಂಟ್ ಹ್ಯಾವ್, ಶುಡಂಟ್ ಹ್ಯಾವ್, ಕುಡಂಟ್ ಹ್ಯಾವ್ ಇದನ್ನು ದಯವಿಟ್ಟು ಒಮ್ಮೆ ವಿವರಿಸಿ. (ಕುಂಬಳೆ)

ಉತ್ತರ: ಮೂರೂ ಕಳೆದುಹೋದ ವಿಷಯಕ್ಕೆ. ಅಂಗಳದಲ್ಲಿ ಅಡಿಕೆ ಒಣಗ್ಲಿಕ್ಕೆ ಹಾಕಿ ಮಗ ಪೇಟೆಗೆ ಹೋದ, ಮಧ್ಯಾಹ್ನ ಮಳೆ ಬಂತು, ಅಡಿಕೆ ಪೂರ್ತಿ ಚಂಡಿ. ಅಪ್ಪ ಹೇಳ್ತಾರೆ, ‘ಬಿಟ್ಟು ಹೋಗ್ಬಾರ್ದಿತ್ತು’. ಅದು ‘ಯು ಶುಡಂಟ್ ಹ್ಯಾವ್ ಗಾನ್’. ಗಮನಿಸಿ, ಹೋಗ್ಬಾರ್ದು ಅನ್ನುವುದಕ್ಕೆ ಮಸಂಟ್ ಇದ್ರೂ ಹೋಗ್ಬಾರ್ದಿತ್ತು ಅನ್ನುವುದಕ್ಕೆ ಶುಡಂಟ್ ಹ್ಯಾವ್ ಬೇಕು. ನೆರೆಮನೆಯವರು ಅಂಗಳಕ್ಕೆ ಹೊದಿಸ್ಲಿಕ್ಕೆ ಟಾರ್ಪಾಲು ಹೊತ್ತುಕೊಂಡು ಓಡಿ ಬಂದ್ರು, ಆದ್ರೆ ಅಷ್ಟರಲ್ಲಿ ಮನೆಯವರು ತಮ್ಮದೇ ಟಾರ್ಪಾಲು ಹಾಕಿ ಆಗಿತ್ತು. ‘ಅಯ್ಯೋ, ತರ್ಬೇಕಂತ ಇರ್ಲಿಲ್ಲ’ ಅಂತ ಹೇಳುದು ‘ಯು ನೀಡಂಟ್ ಹ್ಯಾವ್ ಬ್ರಾಟ್ ಇಟ್’. ತಂದದ್ದು ಆಗಿಹೋಗಿದೆ, ಅಗತ್ಯ ಇರ್ಲಿಲ್ಲ. ‘ಡಿಡಂಟ್ ನೀಡ್ ಟು ಬ್ರಿಂಗ್’ ಅಂದ್ರೆ ಅಗತ್ಯ ಇರ್ಲಿಲ್ಲ ಅಂತ ಮಾತ್ರ, ತಂದ್ರೋ ಇಲ್ವೋ ಅದರಲ್ಲಿ ಗೊತ್ತಾಗುದಿಲ್ಲ. ಕೊನೆಗೆ ‘ಇಷ್ಟು ಬೇಗ ಮಳೆ ಬರ್ತದೆ ಅಂತ ಯಾರಿಗೂ ಗೊತ್ತಾಗ್ಲಿಕ್ಕೆ ಸಾಧ್ಯ ಇರ್ಲಿಲ್ಲ’ ಅಂತ ಅಮ್ಮ ಮಗನ ಪರ ಹೇಳುದು ‘ನೋಬಡಿ ಕುಡ್ ಹ್ಯಾವ್ ನೋನ್’, ಅಥವಾ ‘ಹಿ ಕುಡಂಟ್ ಹ್ಯಾವ್ ನೋನ್’. ನೋಬಡಿ ಬಂದಲ್ಲಿ ಮತ್ತೆ ಕುಡಂಟ್ ಹಾಕ್ಬಾರ್ದು, ಎರಡು ಇಲ್ಲ ಸೇರಿ ಹೌದು ಆಗಿಬಿಡ್ತದೆ.

ಶುಡಂಟ್ ಹ್ಯಾವ್ ಬೇಗ ಹೇಳುವಾಗ ‘ಶುಡಂಟವ್’ ಅಂತ ಕೇಳ್ತದೆ, ಅದನ್ನು ‘ಶುಡಂಟ್ ಆಫ್’ ಅಂತ ಬರೆಯುದು ಇಂಗ್ಲಿಷ್ ಮನೆಭಾಷೆಯವರೂ ಮಾಡುವ ತಪ್ಪು. ನೀವು ಮಾಡ್ಬೇಡಿ.

ಪ್ರಶ್ನೆ: ಆನ್‌ಲೈನ್ ಇಂಟರ್ವ್ಯೂನಲ್ಲಿ ನನ್ನತ್ರ ‘ಕಾಂಟ್ ಯು ಜಾಯಿನ್ ಬಿಫೋರ್ ಜೂನ್’ ಅಂತ ಕೇಳಿದ್ರು. ಡಿಗ್ರಿ ಪರೀಕ್ಷೆ ಇದ್ದ ಕಾರಣ ಆಗುದಿಲ್ಲ ಅಂತ ಹೇಳ್ಲಿಕ್ಕೆ ನಾನು ‘ಯೆಸ್’ ಅಂದೆ. ಅವರು ಮೇ ತಿಂಗಳ ತಾರೀಕು ಹಾಕಿ ಲೆಟರ್ ಕಳಿಸಿದ್ರು, ಮತ್ತೆ ನಾನು ಆಗುದಿಲ್ಲ ಅಂದದ್ದಕ್ಕೆ ಮಾತು ಬದಲಿಸ್ತೀ ಅಂತ ಹೇಳಿ ಕೆಲಸ ಬೇರೆಯವರಿಗೆ ಕೊಟ್ರು. ನಾನು ಎಲ್ಲಿ ತಪ್ಪಿದೆ ಅಂತ ಇನ್ನೂ ತಿಳೀಲಿಲ್ಲ. (ಹೊಸಂಗಡಿ)

ಉತ್ತರ: ನಿಮ್ಮ ಪತ್ರ ಓದಿ ನನಗೆ ತುಂಬ ಬೇಸರ ಆಯ್ತು. ನೀವು ಮಾತು ಬದಲಿಸ್ಲಿಲ್ಲ, ಕನ್ನಡದಲ್ಲಿ ಸರಿಯಾಗಿಯೇ ಉತ್ತರ ಕೊಟ್ಟಿದ್ದೀರಿ, ಶಬ್ದ ಮಾತ್ರ ಇಂಗ್ಲಿಷಿನದ್ದು. ‘ಜೂನಿನ ಮೊದಲು ಬರ್ಲಿಕ್ಕೆ ಆಗುದಿಲ್ವಾ?’ ಅಂತ ಕೇಳಿದ್ರೆ ನಾವು ‘ಹೌದು, ಆಗುದಿಲ್ಲ’ ಅಂತೇವೆ. ನಮ್ಮ ಹೌದು ಕೇಳಿದವರ ಮಾತಿಗೆ, ನೀವು ಹೇಳಿದ್ದು ನಿಜ ಅಂತ. ಇಂಗ್ಲಿಷಿನ ಯೆಸ್ ಕೇಳಿದವರ ಮಾತಿಗಲ್ಲ, ಕೆಲಸಕ್ಕೆ. ಆಗ್ತದೆ ಅಂತಾದ್ರೆ ಯೆಸ್, ಆಗುದಿಲ್ಲ ಅಂತಾದ್ರೆ ನೋ, ಪ್ರಶ್ನೆಯಲ್ಲಿ ಕ್ಯಾನ್ ಇರಲಿ ಕಾಂಟ್ ಇರಲಿ ಉತ್ತರ ಬದಲಾಗುದಿಲ್ಲ. ನೀವು ಹೇಳ್ಬೇಕಾಗಿದ್ದದ್ದು ‘ನೋ, ಐ ಕಾಂಟ್’.

ಇನ್ನು ಮುಂದೆ ಇಂಥ ಪ್ರಶ್ನೆ ಬಂದಾಗ ಬರೀ ಯೆಸ್ ಅಥವಾ ನೋ ಹೇಳಿ ನಿಲ್ಲಿಸ್ಬೇಡಿ, ಬಾಲ ಸೇರಿಸಿಯೇ ಹೇಳಿ: ‘ನೋ, ಐ ಕಾಂಟ್, ಐ ಹ್ಯಾವ್ ಎಕ್ಸಾಮ್ಸ್ ಟಿಲ್ ಜೂನ್’. ಮೊದಲ ಶಬ್ದ ಗಾಬರಿಯಲ್ಲಿ ತಪ್ಪಿದ್ರೂ ಬಾಲ ನಿಮ್ಮನ್ನು ಕಾಯ್ತದೆ. ಆ ಸಂಸ್ಥೆಗೆ ನಾಲ್ಕು ಸಾಲು ಬರೆದು ಎಂತಾಯ್ತು ಅಂತ ತಿಳಿಸ್ಲಿಕ್ಕೆ ಇನ್ನೂ ತಡ ಆಗ್ಲಿಲ್ಲ. ಆ ಪತ್ರದಲ್ಲಿ ಮಾತ್ರ ಕಾಂಟ್, ಕುಡಂಟ್ ಬೇಡ, ಕಚೇರಿಗೆ ಹೋಗುವ ಕಾಗದದಲ್ಲಿ ಕ್ಯಾನಾಟ್, ಕುಡ್ ನಾಟ್ ಅಂತ ಬಿಡಿಸಿ ಬರೆಯುದು ಮರ್ಯಾದೆ. ಪತ್ರ ಬರೆದು ನನಗೆ ಕಳಿಸಿ, ತಿದ್ದಿ ಕೊಡ್ತೇನೆ.

ಪ್ರಶ್ನೆ: ಶಾಂಟ್ ಕಲೀಲೇಬೇಕಾ ಟೀಚರ್? (ಏಳನೇ ತರಗತಿ, ಬದಿಯಡ್ಕ)

ಉತ್ತರ: ಓದುವಾಗ ಅರ್ಥ ಆದ್ರೆ ಸಾಕು ಮಗಾ. ಬರೀಬೇಕಂತ ಇಲ್ಲ, ವೋಂಟ್ ಬರೆದ್ರೆ ಆಗ್ತದೆ. ಈಗ ನಾನು ಹೇಳಿದ್ದು ಮಸಂಟಾ, ನೀಡಂಟಾ? ಉತ್ತರ ಬರೆದು ಕಳಿಸು.